ಕತ್ತರಿ ಅಕ್ಕನ ದೂರು

ನಮ್ಮ ಬೀದಿಯ ಮೂಲೆಯಲ್ಲಿ ಎರಡೇ ಕುರ್ಚಿಗಳ ಒಂದು ಪಾರ್ಲರ್ ಇದೆ. ಅದರ ಒಡತಿಯನ್ನು ಎಲ್ಲರೂ ಕತ್ತರಿ ಅಕ್ಕ ಎನ್ನುತ್ತಾರೆ. ಅವಳ ಕೈಗೆ ತಲೆ ಕೊಟ್ಟರೆ ಕೂದಲ ಜೊತೆ ಮನೆಯ ಗುಟ್ಟೂ ಉದುರುತ್ತದೆ ಎಂದು ಹೆಂಗಸರು ನಗುತ್ತಿದ್ದರು. ಗಂಡ ಬಿಟ್ಟುಹೋದ ಮೇಲೆ ಒಬ್ಬಳೇ ಮಗಳನ್ನು ಅವಳು ಸಾಕಿದ್ದು ಅಂಗಡಿಯ ಮೇಲಿನ ಕೋಣೆಯಲ್ಲಿ. ಹೈಸ್ಕೂಲು ಓದುತ್ತಿದ್ದ ಆ ಹುಡುಗಿ ಸಂಜೆ ಕೆಳಗಿಳಿದು ಬಂದು, ನೆಲ ಗುಡಿಸುತ್ತ, ಹೋದ ಗಿರಾಕಿಗಳನ್ನು ಅಣಕಿಸಿ ಅಮ್ಮನನ್ನು ನಗಿಸುತ್ತಿದ್ದಳು.

ಫೋನಿನಲ್ಲಿ ಪರಿಚಯವಾದ ಯಾರೋ ಹೆಂಗಸು ಅವಳಿಗೆ ಮಾಡೆಲಿಂಗ್ ಆಸೆ ಹುಟ್ಟಿಸಿದಳು. ಒಂದು ದಿನ ಶಾಲೆಗೆಂದು ಹೊರಟವಳು ಹಿಂದಿರುಗಲಿಲ್ಲ.

ಅಕ್ಕ ಠಾಣೆಗೆ ಅಲೆದಳು. ಕೊನೆಗೊಮ್ಮೆ ಅಲ್ಲಿನ ಮಹಿಳಾ ಅಧಿಕಾರಿ ಅವಳನ್ನು ಕೂರಿಸಿ, ಕುಡಿಯಲು ನೀರು ಕೊಟ್ಟು, ಕಂಪ್ಯೂಟರನ್ನು ಅವಳತ್ತ ತಿರುಗಿಸಿದರು. ಹಳೇ ಬೈಕು, ಬಾಡಿಗೆ ಮನೆ ಎಲ್ಲದರ ಜಾಹೀರಾತು ಬರುವ ವೆಬ್‌ಸೈಟ್. ಅದರ ಒಂದು ಪುಟದಲ್ಲಿ, ಗಂಟೆಗಿಷ್ಟು ಎಂಬ ದರದ ಮೇಲೆ, ಮಗಳ ಮುಖವಿತ್ತು. ಹೆಸರು ಬೇರೆ. ವಯಸ್ಸು ಹತ್ತೊಂಬತ್ತು ಎಂದಿತ್ತು.

"ನಿಮ್ಮ ಮಗಳೇನಮ್ಮಾ?"

ಅಕ್ಕ ತಲೆಯಾಡಿಸಿದಳು.

ಆ ಪುಟದ ಅಡಿಯಲ್ಲಿ ದೂರು ಕೊಡಲು ಒಂದು ಗುಂಡಿ ಇತ್ತು. ಅಂದೇ ಅದನ್ನೊತ್ತಿ ಅಕ್ಕ ಬರೆದಳು: ಇವಳು ನನ್ನ ಮಗಳು, ಇನ್ನೂ ಮಗು, ದಯವಿಟ್ಟು ತೆಗೆಯಿರಿ. ಜಾಹೀರಾತು ನಮ್ಮ ನಿಯಮ ಮೀರಿಲ್ಲ ಎಂದು ಉತ್ತರ ಬಂತು. ಮತ್ತೆ ಬರೆದಳು. ಮತ್ತೆ ಅದೇ ಉತ್ತರ. ಹಾಕಿದವರು ಯಾರೆಂದು ಪೊಲೀಸರು ಕೇಳಿದರೂ ವೆಬ್‌ಸೈಟಿನ ಕಂಪನಿ ಜಗ್ಗಲಿಲ್ಲ. ಕೊನೆಗೆ ದೂರದ ಊರಿನ ಲಾಡ್ಜ್ ಒಂದರಲ್ಲಿ ಕಸ ಗುಡಿಸುವ ಹೆಂಗಸಿಗೆ ಅನುಮಾನ ಬಂದು, ಅವಳು ಪೊಲೀಸರಿಗೆ ಫೋನ್ ಮಾಡಿದ್ದರಿಂದ ಹುಡುಗಿ ಸಿಕ್ಕಳು.

ಮನೆಗೆ ಬಂದವಳ ತಲೆ ಜಡೆಗಟ್ಟಿತ್ತು. ಅಕ್ಕ ಬಾಚಣಿಗೆ ಹಿಡಿದು ಹತ್ತಿರ ಹೋದಳು.

"ಮುಟ್ಬೇಡಮ್ಮಾ."

ಊರಿನವರ ತಲೆಯನ್ನೆಲ್ಲ ನೇವರಿಸುವ ಕೈ ಹಾಗೇ ನಿಂತುಬಿಟ್ಟಿತು. ಕರೆದೊಯ್ದ ಹೆಂಗಸು ಜೈಲು ಸೇರಿದಳು. ಆದರೂ ಅಕ್ಕನ ಸಂಕಟ ಆರಲಿಲ್ಲ. ತನ್ನ ಗಿರಾಕಿಯೇ ಆಗಿದ್ದ ವಕೀಲೆಯೊಬ್ಬರನ್ನು ಹಿಡಿದು ಕಂಪನಿಯ ಮೇಲೆ ಕೇಸು ಹಾಕಿದಳು.

"ವೆಬ್‌ಸೈಟ್ ಅನ್ನೋದು ಬರೀ ಗೋಡೆ," ಎಂದರು ಕಂಪನಿಯ ವಕೀಲರು. "ಯಾರೋ ಏನೋ ಅಂಟಿಸಿ ಹೋದ್ರೆ ಗೋಡೆ ಏನು ಮಾಡೀತು?"

ಅಕ್ಕ ಕಟಕಟೆಯಲ್ಲಿ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ಗೋಡೆ ಆಗಿದ್ರೆ ನಾನೇ ಉಗುರಲ್ಲಿ ಕೆರೆದು ಕಿತ್ತು ಹಾಕ್ತಿದ್ದೆ ಸಾರ್. ನಿಮ್ಮೋರು ನಾನು ಅತ್ತಿದ್ದನ್ನ ಓದಿದ್ರು. ಓದಿ, ಇಲ್ಲ ಅಂದ್ರು."

ಕೇಸು ವರ್ಷಗಟ್ಟಲೆ ಎಳೆಯಿತು. ಕೋರ್ಟು ಹುಡುಗಿಯ ಹೆಸರು ಮುಚ್ಚಿಟ್ಟರೂ ಬೀದಿಗೆ ಎಲ್ಲ ಗೊತ್ತಿತ್ತು. ಅವಳು ಮೆಟ್ಟಿಲಿಳಿದರೆ ಪಾರ್ಲರಿನ ಮಾತು ಗಪ್ಪೆಂದು ನಿಲ್ಲುತ್ತಿತ್ತು.

"ಸಾಕು ಮಾಡಮ್ಮಾ. ನೀನು ಕೋರ್ಟಿಗೆ ಹೋದಾಗೆಲ್ಲ ನಾನು ಮತ್ತೆ ಅಲ್ಲಿಗೇ ಹೋಗಿ ಬಂದ ಹಾಗಾಗುತ್ತೆ."

"ಇನ್ನೊಬ್ಬರ ಮಗಳಿಗೆ ಹೀಗಾಗಬಾರದಲ್ಲೇ ಪುಟ್ಟಿ."

"ನಾನೂ ನಿನ್ನ ಮಗಳೇ ಅಲ್ವಾ?"

ಅಕ್ಕ ಕೇಸು ಬಿಡಲಿಲ್ಲ. ಹುಡುಗಿ ಬೇರೆ ಊರಿನ ಚಿಕ್ಕಮ್ಮನ ಮನೆ ಸೇರಿ, ಅಲ್ಲಿ ಗಿಡ ಮಾರುವ ನರ್ಸರಿಯೊಂದರಲ್ಲಿ ಕೆಲಸಕ್ಕೆ ನಿಂತಳು.

ತೀರ್ಪು ಬಂತು. ಗೊತ್ತಿದ್ದೂ ಜಾಹೀರಾತು ಉಳಿಸಿಕೊಂಡ ಕಂಪನಿಯೂ ಹೊಣೆ, ಮಕ್ಕಳ ವಿಷಯದ ದೂರಿಗೆ ತಕ್ಷಣ ಕ್ರಮ ಕೈಗೊಳ್ಳಲೇಬೇಕು ಎಂದಿತು ಕೋರ್ಟು. ವಕೀಲೆ ಅಕ್ಕನನ್ನು ತಬ್ಬಿಕೊಂಡರು. ಅಕ್ಕ ಹೊರಗಿನ ಬೆಂಚಿನ ಮೇಲೆ ಕೂತು ಮಗಳಿಗೆ ಫೋನ್ ಮಾಡಿದಳು.

"ಗೆದ್ವಿ ಪುಟ್ಟಿ."

"ಒಳ್ಳೇದಾಯ್ತಮ್ಮಾ. ಇನ್ಮೇಲೆ ಬೇರೆ ಹುಡುಗೀರಿಗೆ ಅನುಕೂಲ ಆಗುತ್ತೆ."

"ಹೂಂ ಕಣೇ."

"ಊಟ ಮಾಡಿದ್ಯಾ?"

"ಇಲ್ಲ. ಮಾಡ್ತೀನಿ. ನೀನು ಯಾವಾಗ ಬರ್ತೀಯ?"

ಆ ಕಡೆಯಿಂದ ಯಾರೋ ಗಿಡಗಳಿಗೆ ನೀರು ಬಿಡುವ ಸದ್ದಷ್ಟೇ ಕೇಳಿಸುತ್ತಿತ್ತು. ಇಬ್ಬರೂ ಫೋನ್ ಇಡಲಿಲ್ಲ.