ತೋಟದ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ನಮ್ಮದು ಸವಣೂರು ಕಡೆಯ ಎಲೆ ತೋಟ. ವೀಳ್ಯದೆಲೆ ತೋಟದೊಳಗೆ ಯಾರೂ ಚಪ್ಪಲಿ ಮೆಟ್ಟಿಕೊಂಡು ಹೋಗುವುದಿಲ್ಲ, ಬಳ್ಳಿಗೆ ಮೈಲಿಗೆ. ಮನೆಯ ಯಜಮಾನನಿರಲಿ, ಎಲೆ ಕೊಳ್ಳಲು ಬಂದ ಬಂಕಾಪುರದ ವ್ಯಾಪಾರಿಯಿರಲಿ, ಬಾಗಿಲ ಹೊರಗೇ ಬಿಡಬೇಕು. ಹೀಗಾಗಿ ನಮ್ಮಲ್ಲಿ ಮನುಷ್ಯರನ್ನು ಕೂಗಿ ಹುಡುಕುವ ರೂಢಿ ಇಲ್ಲ. ಚಪ್ಪಲಿ ಇದ್ದರೆ ಒಳಗಿದ್ದಾನೆ, ಇಲ್ಲದಿದ್ದರೆ ಹೋಗಿದ್ದಾನೆ. ಅಷ್ಟೇ ಲೆಕ್ಕ.

ನನ್ನ ಗಂಡನ ಚಪ್ಪಲಿ ದಪ್ಪ ತೊಗಲಿನವು. ನಡೆದರೆ ಕಿರ್ ಕಿರ್ ಎನ್ನುತ್ತಿದ್ದವು. ಆತ ಸತ್ತು ನಾಲ್ಕು ವರ್ಷವಾಯಿತು, ಆ ಸಪ್ಪಳ ಮಾತ್ರ ಸತ್ತಿಲ್ಲ. ಮಧ್ಯಾಹ್ನ ಊಟವಾಗಿ, ಪಾತ್ರೆ ತೊಳೆದಿಟ್ಟು ಕೂತಾಗ ಅಂಗಳದಿಂದ ಬರುತ್ತದೆ. ಹೊಸ್ತಿಲವರೆಗೆ ಬಂದು ನಿಲ್ಲುತ್ತದೆ, ಒಳಗೆ ಬರುವುದಿಲ್ಲ. ಎದ್ದು ಹೋಗಿ ನೋಡಿದರೆ ಬರೀ ಬಿಸಿಲು. ನಾನು ದೆವ್ವ ಗಿವ್ವ ನಂಬುವವಳಲ್ಲ. ಆದರೂ ನೆರೆಮನೆಯವಳ ಕಾಟ ತಾಳಲಾರದೆ ಹುಲಗೂರು ದರ್ಗಾಕ್ಕೆ ಹೋಗಿ ಕೈಗೆ ದಾರ ಕಟ್ಟಿಸಿಕೊಂಡು ಬಂದೆ. ದಾರ ಹರಿದು ಬಿತ್ತು. ಸಪ್ಪಳ ಉಳಿಯಿತು.

ಸವಣೂರಿನಲ್ಲಿ ಶಾಲೆಯ ಒಂದು ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ಧ್ಯಾನ ಕಲಿಸುತ್ತಾರೆಂದು ಸೊಸೆ ಸುದ್ದಿ ತಂದಳು. ಸುಮ್ಮನೆ ಕೂಡುವುದಂತೆ.

“ಸುಮ್ನ ಕುಂದ್ರಾಕ ಬಸ್ ಹತ್ತಿ ಹೋಗಬೇಕೇನ? ಮನಿ ಮುಂದ ಕಟ್ಟಿ ಇಲ್ಲೇನ?” ಎಂದೆ.

“ಕಟ್ಟಿ ಮ್ಯಾಲ ನೀವು ಯಾವತ್ತರ ಸುಮ್ನ ಕುಂತೀರೇನ್ರಿ ಅತ್ತಿ?” ಎಂದಳು ಆಕೆ.

ಹೋದೆ. ಕಲಿಸುವವರು ಹಿರೇಕೆರೂರಿನಿಂದ ಬಂದು ನೆಲೆಸಿದ ನಿವೃತ್ತ ಶಿಕ್ಷಕಿ. ಉಸಿರು ಬರುವುದನ್ನೂ ಹೋಗುವುದನ್ನೂ ನೋಡಿರಿ, ಏನು ಬಂದರೂ ಕರೆಯಬೇಡಿ, ಓಡಿಸಬೇಡಿ, ಇದ್ದದ್ದನ್ನು ಇದ್ದ ಹಾಗೆ ನೋಡಿರಿ ಎಂದು ಹೇಳಿಕೊಟ್ಟರು. ನನಗೆ ಸಪ್ಪಳ ಹೋಗಬೇಕಿತ್ತು. ನೋಡಿದರೆ ಹೋಗುತ್ತದೋ ಇಲ್ಲವೋ ಎಂದು ನೇರವಾಗಿ ಕೇಳಿದೆ.

“ಹೋಗ್ತೈತಿ ಅಂತ ನಾ ಹೇಳಂಗಿಲ್ರಿ” ಎಂದರು. “ಪೂರ್ತಿ ನೋಡ್ರಿ. ಅರ್ಧಕ್ಕ ಎದ್ದು ಬರಬ್ಯಾಡ್ರಿ.”

ಮೊದಲ ಮೂರು ವಾರ ಕಾಲು ಜೋಮು ಹಿಡಿಯಿತು, ಒಂದು ವಾರ ಗೊರಕೆ ಹೊಡೆದು ನಗೆಗೀಡಾದೆ. ಐದನೆಯ ವಾರ, ಕಣ್ಣು ಮುಚ್ಚಿ ಕೂತಿದ್ದಾಗ, ಆ ಕೋಣೆಯ ಫರ್ಶಿ ಕಲ್ಲಿನ ನೆಲದ ಮೇಲೆಯೇ ಕಿರ್ ಕಿರ್ ಎಂದಿತು. ಎದ್ದು ಓಡಬೇಕೆನಿಸಿತು. ಏಳಲಿಲ್ಲ.

ಆತ ಸತ್ತ ದಿನ ಕಣ್ಣೊಳಗೆ ಕಂಡಿತು. ಬೆಳಿಗ್ಗೆ ನಾವಿಬ್ಬರೂ ಜಗಳವಾಡಿದ್ದೆವು. ಹಾನಗಲ್ಲಿನಲ್ಲಿ ನನ್ನ ತಂಗಿಯ ಬಸುರಿ ಮಗಳ ಕುಬಸದ ಕಾರ್ಯ ಇತ್ತು. ಆತ ಬರುವುದಿಲ್ಲ ಎಂದ. ನಾನೂ ನಾಲ್ಕು ಮಾತು ಹೆಚ್ಚೇ ಆಡಿದೆ. ಮಗ ಎಲೆಯ ಪೆಂಡಿ ಕಳಿಸಲು ಯಲವಿಗಿ ಸ್ಟೇಶನ್ನಿಗೆ ಹೋಗಿದ್ದ. ಮಧ್ಯಾಹ್ನ ನಾನೇ ಬುತ್ತಿ ಒಯ್ದೆ. ತೋಟದ ಬಾಗಿಲಲ್ಲಿ ಚಪ್ಪಲಿ ಜೋಡಿಯಾಗಿ ಇದ್ದವು. ಒಳಗಿದ್ದಾನೆ, ಇರಲಿ, ಎಂದುಕೊಂಡು ಬುತ್ತಿಯನ್ನು ಚಪ್ಪಲಿಯ ಪಕ್ಕದಲ್ಲಿಟ್ಟು ತಿರುಗಿ ಬಂದೆ. ಸಂಜೆ ಮಗ ಹೋಗಿ ನೋಡಿದಾಗ ಆತ ಬಳ್ಳಿಯ ಸಾಲಿನಲ್ಲಿ ಬಿದ್ದಿದ್ದ. ಬಳ್ಳಿ ಕಟ್ಟುವ ಬಾಳೆಯ ನಾರು ಕೈಯಲ್ಲೇ ಇತ್ತು. ಬುತ್ತಿಗೆ ಇರುವೆ ಮುತ್ತಿದ್ದವು.

ಬುತ್ತಿ ಒಯ್ದಾಗ ಆತ ಹೇಗಿದ್ದ ಎಂದು ಬಂದವರೆಲ್ಲ ಕೇಳಿದರು. ಬುತ್ತಿ ತಂದಿದ್ದೇನೆ ಎಂದು ಕೂಗಿದೆ, “ಅಲ್ಲೇ ಇಡು” ಎಂದು ಒಳಗಿನಿಂದ ಹೇಳಿದ, ಎಂದೆ. ಮಗನಿಗೂ ಅದನ್ನೇ ಹೇಳಿದೆ. ಎಷ್ಟು ಸಲ ಹೇಳಿದೆನೆಂದರೆ, ಬರಬರುತ್ತ ಆ ದನಿ ನನಗೇ ಕೇಳತೊಡಗಿತ್ತು. ನೆನಪು ಅಲ್ಲಿಗೆ ಮುಟ್ಟಿದ ಕೂಡಲೇ ಅದು “ಅಲ್ಲೇ ಇಡು” ಎನ್ನುತ್ತಿತ್ತು, ನಾನು ಸಮಾಧಾನದಿಂದ ಮನೆಗೆ ತಿರುಗುತ್ತಿದ್ದೆ.

ಈ ಸಲ ನೆನಪಿನೊಳಗೆ ಆ ಬಾಗಿಲಲ್ಲೇ ನಿಂತೆ. ಉಸಿರು ಬಂತು, ಹೋಯಿತು. ಒಳಗಿನಿಂದ ದನಿ ಬರಲಿಲ್ಲ. ಹೇಗೆ ಬರಬೇಕು? ನಾನು ಕೂಗಿಯೇ ಇರಲಿಲ್ಲ.

ಎರಡು ದಿನ ಅದನ್ನು ನುಂಗಿಕೊಂಡು ಓಡಾಡಿದೆ. ಮಂಗಳವಾರ ಬೆಳಿಗ್ಗೆ, ತೋಟದ ಬಾಗಿಲಲ್ಲಿ ಮಗ ಚಪ್ಪಲಿ ಬಿಡುತ್ತಿದ್ದಾಗ ಹೇಳಿಬಿಟ್ಟೆ. ನಾನು ಅಂದು ಕರೆಯಲಿಲ್ಲ, ಸಿಟ್ಟಿನಲ್ಲಿದ್ದೆ, ನಿನ್ನ ಅಪ್ಪ ಏನೂ ಅನ್ನಲಿಲ್ಲ.

ಮಗ ಒಂದು ಕಾಲಲ್ಲಿ ಚಪ್ಪಲಿ ಹಾಗೇ ಇಟ್ಟುಕೊಂಡು ನಿಂತ.

“ಆಗ ಜೀವ ಇತ್ತೇನವ್ವ?”

“ಗೊತ್ತಿಲ್ಲಪ.”

ಇನ್ನೊಂದು ಚಪ್ಪಲಿ ಬಿಟ್ಟು ಒಳಗೆ ಹೋದ. ನಾಲ್ಕು ದಿನ ನನ್ನೊಡನೆ ಮಾತಾಡಲಿಲ್ಲ. ಊಟಕ್ಕೆ ಕೂತರೆ ತಾಟು ನೋಡುತ್ತಿದ್ದ. ನಾನೂ ಸಮಾಧಾನ ಹೇಳಲು ಹೋಗಲಿಲ್ಲ. ಐದನೆಯ ದಿನ, ಉಪ್ಪು ಕೊಡವ್ವ ಎಂದ.

ಈಗ ದಿನವೂ ನಾನೇ ಬುತ್ತಿ ಒಯ್ಯುತ್ತೇನೆ. ಚಪ್ಪಲಿ ಕಂಡರೂ ಬಾಗಿಲಲ್ಲಿ ನಿಂತು ಕೂಗುತ್ತೇನೆ. ಆಳುಗಳು ನಗುತ್ತಾರೆ, ನಗಲಿ. ಒಂದೇ ಕೂಗಿಗೆ ಓ ಎನ್ನದಿದ್ದರೆ ಎರಡು, ಮೂರು.

“ಅದೀನವ್ವ, ಇನ್ನೂ ಅದೀನಿ” ಎಂದು ಬಳ್ಳಿಗಳ ಒಳಗಿನಿಂದ ಮಗನ ದನಿ ಬರುತ್ತದೆ.

ಕಿರ್ ಕಿರ್ ಸಪ್ಪಳವೂ ನಿಂತಿಲ್ಲ. ಹೊಸ್ತಿಲಿಗೆ ಬರುತ್ತದೆ, ನಿಲ್ಲುತ್ತದೆ. ನಾನು ಎದ್ದು ನೋಡುವುದನ್ನು ಬಿಟ್ಟಿದ್ದೇನೆ. ಆದರೆ ತೋಟದ ಬಾಗಿಲಲ್ಲಿ, ಮಗ ಓ ಎಂದ ಮೇಲೂ, ಇನ್ನೊಂದು ಗಳಿಗೆ ನಿಲ್ಲುತ್ತೇನೆ. ಎರಡನೆಯ ದನಿ ಬರುವುದಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದೇ ನಿಲ್ಲುತ್ತೇನೆ. ಆಮೇಲೆ ಮನೆಗೆ ಬರುತ್ತೇನೆ.