ಚಿತ್ರವಿಲ್ಲದ ಆಟ ನನ್ನ ಮೊಮ್ಮಗಳನ್ನು ಬಸ್ಸು ಹತ್ತಿಸಿತು

ಹೋದ ಭಾನುವಾರ ನನ್ನ ಮೊಮ್ಮಗಳು ರೇಶ್ಮಾ ಬಳ್ಳಾರಿಯಿಂದ ಕುರುಗೋಡಿಗೆ ಒಬ್ಬಳೇ ಬಸ್ಸಿನಲ್ಲಿ ಹೋದಳು! ಇಪ್ಪತ್ತು ವರ್ಷದ ಹುಡುಗಿ ಅಷ್ಟು ಹತ್ತಿರದ ಊರಿಗೆ ಹೋದದ್ದನ್ನು ಬರೆಯುವುದೇನಿದೆ ಎಂದು ನೀವು ಕೇಳಬಹುದು. ಅವಳಿಗೆ ಕಣ್ಣು ಕಾಣುವುದಿಲ್ಲ. ಒಂದೂವರೆ ವರ್ಷದ ಹಿಂದೆ ಕಾಣುತ್ತಿತ್ತು. ನಡುವೆ ಹತ್ತು ತಿಂಗಳು ಅವಳು ತನ್ನ ಕೋಣೆಯ ಹೊಸ್ತಿಲು ದಾಟಿದ್ದೇ ಅಪರೂಪ. ಈ ಸುದ್ದಿಯನ್ನು ನಮ್ಮ ಓಣಿಯಲ್ಲಿ ಎಲ್ಲರಿಗೂ ಎರಡೆರಡು ಸಲ ಹೇಳಿದ್ದೇನೆ. ಚಹಾದಂಗಡಿಯವನು ನನ್ನನ್ನು ಕಂಡ ಕೂಡಲೇ, "ಗೊತ್ತೈತಿ ತಾತ, ಕುರುಗೋಡು!" ಎಂದು ಕೈ ಮುಗಿಯುತ್ತಾನೆ. ಅದಕ್ಕೇ ಈಗ ನಿಮಗೆ ಹೇಳುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮಪ್ಪ ಹತ್ತಿ ಹಿಂಜಿ ಗಾದಿ ಮಾಡುತ್ತಿದ್ದರು. ನಾನು ಮೊದಲು ಚಿಕ್ಕ ಟೈಲರ್ ಅಂಗಡಿ ಇಟ್ಟಿದ್ದೆ, ಆಮೇಲೆ ಜೀನ್ಸ್ ಪ್ಯಾಂಟು ಹೊಲಿಯುವ ಯೂನಿಟ್ಟಿಗೆ ಕಟಿಂಗ್ ಮಾಸ್ತರನಾಗಿ ಸೇರಿದೆ. ಮನೆಯಲ್ಲಿ ನಾನು, ಮಗ ಖಾಜಾ, ಸೊಸೆ, ಮತ್ತು ಅವರ ಒಬ್ಬಳೇ ಮಗಳು ರೇಶ್ಮಾ.

ರೇಶ್ಮಾ ಕಾಲೇಜಿನಿಂದ ಬಂದವಳೇ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಅದೊಂದು ಆಟ. ಬೇರೆ ಬೇರೆ ಊರಿನ ಆರು ಜನ ಗೆಳತಿಯರು ಒಂದೇ ಹೊತ್ತಿಗೆ ಸೇರಿ, ಒಬ್ಬೊಬ್ಬರು ಒಂದೊಂದು ವೇಷ ತೊಟ್ಟು, ಕಾಡು ಗುಹೆ ಸುತ್ತಿ ರಾಕ್ಷಸರನ್ನು ಹೊಡೆಯುವುದು. ಇವಳು ಹೀಲರ್. ಅಂದರೆ ಹಿಂದೆ ನಿಂತು ಉಳಿದವರ ಗಾಯ ಮಾಯಿಸುವವಳು. ನನಗೆ ಆ ಆಟ ಕಂಡರೆ ಆಗುತ್ತಿರಲಿಲ್ಲ. ಒಂದು ದಿನ ಊಟಕ್ಕೆ ಕರೆದರೂ ಏಳಲಿಲ್ಲ ಎಂದು ಸಿಟ್ಟಿನಲ್ಲಿ, "ಆ ಪರದಿ ನೋಡಿ ನೋಡಿ ಕಣ್ಣು ಹೋಗ್ತಾವ ನೋಡು!" ಎಂದುಬಿಟ್ಟೆ.

ಮೂರು ತಿಂಗಳಿಗೆ ಅವಳಿಗೆ ಜ್ವರ ಬಂತು. ಜ್ವರ ತಲೆಗೆ ಏರಿತು. ಹನ್ನೆರಡು ದಿನ ಆಸ್ಪತ್ರೆಯಲ್ಲಿ ಎಚ್ಚರವೇ ಇರಲಿಲ್ಲ. ಜೀವ ಉಳಿಯಿತು, ಕಣ್ಣಿನ ನರ ಒಣಗಿತ್ತು. ಡಾಕ್ಟರು ಅದು ಜ್ವರದಿಂದ ಆದದ್ದು, ಪರದೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಬಿಡಿಸಿ ಹೇಳಿದರು. ಆದರೆ ಮನೆಗೆ ಬಂದ ದಿನ ಅವಳು ಗೋಡೆಯ ಕಡೆ ಮುಖ ಮಾಡಿ, "ನೀ ಅಂದಂಗ ಆತಲ್ಲ ತಾತ" ಎಂದಳು. ಡಾಕ್ಟರ ಮಾತು ಕಿವಿಗೆ ಹೋಯಿತು, ಇವಳ ಮಾತು ಎದೆಗೆ ಹೋಗಿ ಕೂತಿತು.

ಗೆಳತಿಯರು ಒಂದು ತಿಂಗಳು ಕಾದರು. ಆಮೇಲೆ ಅವಳ ಜಾಗಕ್ಕೆ ಬೇರೆ ಹುಡುಗಿಯನ್ನು ಸೇರಿಸಿಕೊಂಡರು. ಅವರದೇನು ತಪ್ಪು ಹೇಳಿ, ಆಟ ನಡೆಯಬೇಕಲ್ಲ. ಆ ದಿನದಿಂದ ರೇಶ್ಮಾ ಫೋನನ್ನೂ ಮುಟ್ಟಲಿಲ್ಲ. ಎಲ್ಲರ ಜೊತೆ ಕೂತು ಉಣ್ಣುವುದನ್ನೂ ಬಿಟ್ಟಳು. ಅನ್ನ ಚೆಲ್ಲುತ್ತದೆ, ಅಮ್ಮ ಒರೆಸುತ್ತಾಳೆ, ಒರೆಸಿದ್ದು ಅವಳಿಗೆ ಕೇಳಿಸುತ್ತದೆ. ಕೋಣೆಯಲ್ಲೇ ತಟ್ಟೆ. ನನ್ನ ಸೊಸೆ ಮಾತ್ರೆಯ ಡಬ್ಬಿಯನ್ನು ಬೀರುವಿನಲ್ಲಿಟ್ಟು ಕೀಲಿ ಹಾಕುತ್ತಿದ್ದಳು. ಯಾಕೆ ಎಂದು ನಾವು ಯಾರೂ ಕೇಳಲಿಲ್ಲ. ಗೊತ್ತಿತ್ತು.

ಅವಳು ಎಡವಬಾರದೆಂದು ನಾನೂ ಖಾಜಾನೂ ಪಡಸಾಲೆಯನ್ನೆಲ್ಲ ಖಾಲಿ ಮಾಡಿದೆವು. ಹೊಲಿಗೆ ಮಷಿನ್ನು, ಮಂಚ, ನೀರಿನ ಕೊಡ, ಎಲ್ಲ ಒಳಗೆ ತಳ್ಳಿದೆವು. ಬೇಕಾದಾಗ ಹೊರಗೆ ತರುವುದು, ಮತ್ತೆ ಇನ್ನೊಂದು ಕಡೆ ಸರಿಸುವುದು. ಪ್ರೀತಿಯಿಂದ ಮಾಡಿದ್ದೇ. ಆದರೂ ಅವಳ ಮೊಣಕಾಲಿನ ಗಾಯ ಮಾಯಲೇ ಇಲ್ಲ. ಕಡೆಗೆ ಹೊರಗೆ ಬರುವುದನ್ನೇ ನಿಲ್ಲಿಸಿದಳು.

ಹೀಗಿರುವಾಗ ಸಂಬಂಧಿಕರೊಬ್ಬರು ತೀರಿಹೋದರೆಂದು ಸಿರುಗುಪ್ಪಕ್ಕೆ ಹೋಗಿದ್ದೆ. ತಿರುಗಿ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನನ್ನು ಏನೋ ಕೇಳುತ್ತಿದ್ದೆ. ಪಕ್ಕದಲ್ಲಿ ಬಿಳಿ ಕೋಲು ಹಿಡಿದು ಕೂತಿದ್ದವರು ಮುಖ ಎತ್ತಿದರು.

"ಟೈಲರ್ ಮಾಸ್ತರಲ್ಲೇನ್ರೀ? ನೀವು ಹೊಲಿದ ಪ್ಯಾಂಟು ಇನ್ನೂ ಸೊಂಟದಾಗ ನಿಂದ್ರಂಗಿಲ್ಲರಿ!"

ಗುರುರಾಜ ಸರ್! ಬಳ್ಳಾರಿಯಲ್ಲಿ ಕಾಲೇಜು ಓದುವಾಗ ನನ್ನ ಅಂಗಡಿಗೆ ಬರುತ್ತಿದ್ದ ಹುಡುಗ. ಆಗ ಸೋಡಾ ಗ್ಲಾಸಿನ ಕನ್ನಡಕ ಇತ್ತು. ಕಣ್ಣು ವರ್ಷ ವರ್ಷವೂ ಮಬ್ಬಾಗಿ ಈಗ ಪೂರ್ತಿ ಹೋಗಿದೆಯಂತೆ. ಅಲ್ಲೇ ಸಿರುಗುಪ್ಪದ ಸಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಾರೆ. ಇಪ್ಪತ್ತೈದು ವರ್ಷದ ಮೇಲೆ ನನ್ನ ದನಿ ಹಿಡಿದರು. ನನಗೆ ತಡೆಯಲಾಗಲಿಲ್ಲ, ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಎಲ್ಲ ಹೇಳಿ ಅತ್ತುಬಿಟ್ಟೆ. ನಾನು ಅಂದ ಮಾತನ್ನೂ ಹೇಳಿದೆ. ಅವರು ಸಮಾಧಾನ ಹೇಳಲಿಲ್ಲ. "ಆಕಿ ಯಾವ ಆಟ ಆಡ್ತಿದ್ಲು?" ಎಂದು ಮಾತ್ರ ಕೇಳಿದರು.

ಮುಂದಿನ ಭಾನುವಾರ ಒಬ್ಬರೇ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ರೇಶ್ಮಾ ಕದ ತೆಗೆಯಲಿಲ್ಲ. ಸರ್ ಕದಕ್ಕೆ ಬೆನ್ನು ಕೊಟ್ಟು ನೆಲದ ಮೇಲೇ ಕೂತರು.

"ಆಟದಾಗ ನೀ ಏನಾಗಿದ್ದಿಬೇ?"

ಒಂದು ಲೋಟ ಚಹಾ ಮುಗಿಯಿತು. ಇನ್ನೊಂದು ತರಿಸಿದೆ. ಆಗ ಒಳಗಿನಿಂದ, "ಹೀಲರ್" ಎಂಬ ಸಣ್ಣ ದನಿ.

"ಹಂಗಾದ್ರ ನಿನ್ನ ಕೆಲಸ ಹುಟ್ಟಿದ್ದು ಚಿತ್ರ ಇಲ್ಲದ ಆಟದಾಗ, ಗೊತ್ತೈತೇನು?" ಎಂದರು ಸರ್. ಅವರು ಕಾಲೇಜಿನಲ್ಲಿದ್ದಾಗ ಇಂಥ ಬಣ್ಣದ ಆಟ ನಮ್ಮ ಕಡೆ ಇನ್ನೂ ಬಂದಿರಲಿಲ್ಲವಂತೆ. ಕಪ್ಪು ಪರದೆ, ಅದರ ಮೇಲೆ ಬರೀ ಅಕ್ಷರ. 'ನೀನು ಒಂದು ಗುಹೆಯಲ್ಲಿದ್ದೀ. ಉತ್ತರಕ್ಕೆ ಬಾಗಿಲು ಇದೆ' ಎಂದು ಬರೆದು ಬರುತ್ತದೆ. ಉತ್ತರಕ್ಕೆ ಹೋಗು ಎಂದು ಟೈಪು ಮಾಡಿದರೆ ಮುಂದಿನ ಜಾಗ. ದೇಶ ದೇಶದ ಜನ ಒಂದೇ ಹೊತ್ತಿಗೆ ಆ ಗುಹೆಯಲ್ಲಿ ಇರುತ್ತಿದ್ದರು, ಮಾತಾಡುತ್ತಿದ್ದರು, ಜಗಳವಾಡುತ್ತಿದ್ದರು.

"ಲೆವೆಲ್ ಏರೋದು, ಗುಂಪು ಕಟ್ಟೋದು, ಒಬ್ಬಾಂವ ಮುಂದ ನಿಂತು ಹೊಡ್ತ ತಿನ್ನೋದು, ಒಬ್ಬಾಕಿ ಹಿಂದ ನಿಂತು ಗಾಯ ಮಾಯಿಸೋದು, ಸತ್ತ ರಾಕ್ಷಸ ಮತ್ತ ಹುಟ್ಟಿ ಬರೋದು, ಎಲ್ಲಾ ಆ ಅಕ್ಷರದ ಆಟದಾಗ ಇತ್ತು. ಅದನ್ನ ಆಡಿ ಬೆಳೆದ ಮಂದಿನೇ ಮುಂದ ಚಿತ್ರ ಹಚ್ಚಿ ನಿಮ್ಮ ಆಟ ಕಟ್ಟಿದ್ರು. ಚಿತ್ರ ಆಮ್ಯಾಲ ಬಂದದ್ದು."

ನನಗೆ ಥಟ್ಟನೆ ತಿಳಿಯಿತು. ನಮ್ಮ ಯೂನಿಟ್ಟಿನಲ್ಲಿ ಬಟ್ಟೆ ಕತ್ತರಿಸಲು ಅಳತೆಗೆ ಇಡುವ ರಟ್ಟಿನ ಪ್ಯಾಟರ್ನುಗಳು ಮೊಳೆಗೆ ನೇತಾಡುತ್ತವೆ. ವರ್ಷಕ್ಕೊಂದು ಫ್ಯಾಷನ್ನು ಬರುತ್ತದೆ, ಬಣ್ಣ ಇಳಿಸುತ್ತಾರೆ, ಮೊಣಕಾಲು ಹರಿಯುತ್ತಾರೆ. ಎಲ್ಲದಕ್ಕೂ ಕೆಳಗೆ ಅದೇ ಹಳೆಯ ರಟ್ಟು. "ರಟ್ಟು ಇದ್ದಂಗ ಅಲ್ಲೇನ್ರಿ ಸರ್?" ಎಂದೆ. ಅವರು ಗಟ್ಟಿಯಾಗಿ ನಕ್ಕು, "ಮಾಸ್ತರು ನನಗಿಂತ ಚಲೋ ಹೇಳಿದ್ರು ನೋಡವಾ" ಎಂದರು.

ಒಳಗಿನಿಂದ ದನಿ ಬಂತು. "ಅವು ಇನ್ನೂ ಅದಾವೇನ್ರಿ?"

"ಅದಾವ. ದಿನಾ ಆಡತೀನಿ. ಅಕ್ಷರ ಓದಿ ಹೇಳೋ ಸಾಫ್ಟ್‌ವೇರ್ ಐತಿ. ಅಲ್ಲಿ ನಮ್ಮಂಥೋರು ಭಾಳ ಮಂದಿ ಅದಾರ. ಕಣ್ಣು ಇದ್ದೋರಿಗೆ ನಮ್ಮ ಕೈಯಾಗ ಒದಿ ಬೀಳ್ತಾವ."

ಕದ ತೆರೆಯಿತು.

ಸರ್ ಆಮೇಲೆ ಎಂಟು ಭಾನುವಾರ ಬಂದರು. ಬಸ್ ಚಾರ್ಜು ಕೊಡಲು ಹೋದರೆ, "ಪ್ಯಾಂಟಿನ ಸೊಂಟ ಸರಿ ಮಾಡಿ ಕೊಡ್ರಿ ಸಾಕು" ಎನ್ನುವರು. ಕಂಪ್ಯೂಟರು ಇಂಗ್ಲಿಷಿನಲ್ಲಿ ಸರಸರ ಓದುತ್ತಿತ್ತು, ರೇಶ್ಮಾ ಕೀಬೋರ್ಡು ತಡವುತ್ತ ಟೈಪು ಮಾಡುತ್ತಿದ್ದಳು. ಒಂದು ಮಧ್ಯಾಹ್ನ ನಾನು ಊಟಕ್ಕೆಂದು ಮನೆಗೆ ಬಂದರೆ ಅವಳು ಕುಣಿಯುವ ದನಿಯಲ್ಲಿ, "ತಾತ, ಇವತ್ತು ನಾಕು ಸಲ ಸತ್ತೆ!" ಎಂದಳು. ಗೋಡೆ ಹಿಡಿದು ನಿಂತೆ. ಆಮೇಲೆ ಅದು ಆಟದ ಮಾತು ಎಂದು ಗೊತ್ತಾಯಿತು. ಸೊಸೆ ಅಡುಗೆಮನೆಯಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಹತ್ತು ತಿಂಗಳ ಮೇಲೆ ನಮ್ಮ ಮನೆಯಲ್ಲಿ ಆ ಹುಡುಗಿ ನಕ್ಕಿದ್ದು ಅವತ್ತು.

ಅವತ್ತೇ ನನ್ನ ತಪ್ಪೂ ತಿಳಿಯಿತು. "ಆಟದಾಗ ನಾ ದಾರಿ ತಪ್ಪಂಗಿಲ್ಲ, ಮನ್ಯಾಗ ತಪ್ಪತೀನಿ" ಎಂದಳು. ಯಾಕೆ ಎಂದೆ. "ಅಲ್ಲಿ ಬಾಗಲ ಇದ್ದಲ್ಲೇ ಇರತೈತಿ. ಇಲ್ಲಿ ನೀವು ದಿನಾ ಎಲ್ಲಾ ಸರಿಸ್ತೀರಿ. ಖಾಲಿ ಮನ್ಯಾಗ ಎಲ್ಲಿ ಅದೀನಂತ ನನಗ ಹೆಂಗ ತಿಳೀಬೇಕು ತಾತ?"

ಅಂದು ಸಂಜೆಯೇ ಮಷಿನ್ನು ಕಿಟಕಿಯ ಕೆಳಗೆ, ಮಂಚ ಗೋಡೆಗೆ, ಕೊಡ ಅಡುಗೆಮನೆ ಬಾಗಿಲಿಗೆ, ಎಲ್ಲ ಮೊದಲಿದ್ದ ಜಾಗಕ್ಕೆ ಹೋದವು. ಯೂನಿಟ್ಟಿನಿಂದ ಪ್ಯಾಂಟಿನ ಜೇಬಿಗೆ ಹೊಡೆಯುವ ತಾಮ್ರದ ರಿವೆಟ್ಟು ಒಂದು ಹಿಡಿ ತಂದೆ. ಅವಳ ಕೈಗೆ ಸಿಗುವ ಎತ್ತರಕ್ಕೆ ಬಾಗಿಲ ಚೌಕಟ್ಟುಗಳಿಗೆ ಹೊಡೆದೆ. ಅವಳ ಕೋಣೆಗೆ ಒಂದು, ಅಡುಗೆಮನೆಗೆ ಎರಡು, ಬಚ್ಚಲಿಗೆ ಮೂರು, ಬೀದಿಬಾಗಿಲಿಗೆ ನಾಲ್ಕು. ಬೆರಳಿಟ್ಟು ಎಣಿಸಿದಳು. ನಾಲ್ಕನೆಯದರ ಮೇಲೆ ಬೆರಳು ಬಹಳ ಹೊತ್ತು ನಿಂತಿತು.

ಆಮೇಲೆ ಓಣಿ. ಕೈಯಲ್ಲಿ ಸರ್ ಕೊಡಿಸಿದ ಬಿಳಿ ಕೋಲು. ಆಟ ಹೇಳುವ ಹಾಗೆಯೇ ನಾನು ಹೇಳಬೇಕೆಂದು ಅವಳ ಹುಕುಂ.

"ಮೆಟ್ಟಲದ ಮ್ಯಾಲ ಅದೀಯವಾ. ಎಡಕ್ಕ ಮೋರಿ."

"ಎಷ್ಟು ಹೆಜ್ಜಿಗೆ ಮೋರಿ? ಸರಿಯಾಗಿ ಹೇಳು ತಾತ, ಇಲ್ಲಾಂದ್ರ ನಿಜವಾಗ್ಲೂ ಸಾಯ್ತೀನಿ!"

ಐವತ್ತು ವರ್ಷದಿಂದ ನಡೆದ ಓಣಿ, ಮೋರಿ ಎಷ್ಟು ಹೆಜ್ಜೆಗೆ ಎಂದು ನನಗೇ ಗೊತ್ತಿರಲಿಲ್ಲ. ಐದು ಹೆಜ್ಜೆ.

ಕುರುಗೋಡಿನಲ್ಲಿ ನನ್ನ ಮಗಳು ಹಸೀನಾಳ ಮನೆ. ನಾನೂ ರೇಶ್ಮಾನೂ ಮೂರು ಸಲ ಹೋಗಿ ಬಂದೆವು. ನಾಲ್ಕನೇ ಸಲ ಒಬ್ಬಳೇ ಹೋಗುತ್ತೇನೆ, ಯಾರೂ ಹಿಂದೆ ಬರಬಾರದು ಎಂದು ಆಣೆ ಹಾಕಿಸಿಕೊಂಡಳು. ಅದೇ ಹೋದ ಭಾನುವಾರ. ಬೆಳಿಗ್ಗೆ ಹತ್ತಕ್ಕೆ ನಾಲ್ಕು ರಿವೆಟ್ಟಿನ ಬಾಗಿಲು ದಾಟಿದಳು. ನಾನು ಮೆಟ್ಟಿಲ ಮೇಲೆ ಫೋನು ಹಿಡಿದು ಕೂತೆ. ಹನ್ನೊಂದೂವರೆಗೆ ಫೋನು ಬರಬೇಕು. ಬರಲಿಲ್ಲ. ಹನ್ನೆರಡಾಯಿತು. ಹಸೀನಾಗೆ ಹಚ್ಚಿದರೆ, "ಇನ್ನೂ ಬಂದಿಲ್ಲಪಾ, ನಾ ಹುಡುಕಾಕ ಹೋಗ್ಲೇನು?" ಎಂದಳು. ರೇಶ್ಮಾಳ ಫೋನು ಎತ್ತುತ್ತಿಲ್ಲ. ಖಾಜಾ ಗಾಡಿಯ ಕೀಲಿ ತೆಗೆದುಕೊಂಡ. ನಾನು ಹಿಂದೆ ಹತ್ತಿ ಕೂತೇಬಿಟ್ಟೆ. ಅಂದ ಮಾತು ಒಂದು ಈ ಹುಡುಗಿಗೆ ತಟ್ಟಿತ್ತು, ಈಗ ಒಬ್ಬಳೇ ಹೋಗಲು ಹೂಂ ಅಂದ ಮಾತೂ ತಟ್ಟಿತಲ್ಲ ಎಂದುಕೊಂಡೆ.

ಗಾಡಿ ಓಣಿಯ ತುದಿ ಮುಟ್ಟಿರಲಿಲ್ಲ, ಫೋನು ಬಂತು.

"ತಾತ, ನಾನು ಅತ್ತಿ ಮನಿ ಬಾಗಲದಾಗ ಅದೀನಿ. ಮುಂದ ಪಡಸಾಲಿ. ಬಲಕ್ಕ ಅಡಿಗಿಮನಿ, ಅಲ್ಲಿಂದ ಬದನಿಕಾಯಿ ವಾಸನಿ ಬರಾಕತ್ತೈತಿ. ಒಬ್ಬಾಕಿ ಅತ್ತಿ ನನ್ನ ತೆಕ್ಕಿ ಹಾಕ್ಕೊಂಡು ಅಳಾಕತ್ತಾಳ. ಹೊರಗ ಹೋಗೋ ದಾರಿ ಹಿಂದೈತಿ."

ಬಸ್ ಸ್ಟ್ಯಾಂಡಿನಿಂದ ಹೋಗುವ ದಾರಿಗೆ ಹುಲ್ಲಿನ ಟ್ರ್ಯಾಕ್ಟರು ಅಡ್ಡ ನಿಂತಿತ್ತಂತೆ. ಯಾರೋ ಕೈ ಹಿಡಿದು ದಾಟಿಸಲು ಬಂದರೆ ಬೇಡವೆಂದು, ದಾರಿ ಮಾತ್ರ ಕೇಳಿ, ಸುತ್ತು ಹಾಕಿ ಹೋಗಿದ್ದಾಳೆ. ಹೆಜ್ಜೆ ಎಣಿಸುವಾಗ ಲೆಕ್ಕ ತಪ್ಪುತ್ತದೆಂದು ಫೋನು ಎತ್ತಲಿಲ್ಲವಂತೆ.

ಮೂರು ಗಂಟೆಯ ಬಸ್ಸಿಗೆ ನಾನು, ಖಾಜಾ, ಸೊಸೆ ಮೂವರೂ ಕುರುಗೋಡಿಗೆ ಹೋದೆವು. ಬಸ್ಸಿನಲ್ಲಿ ನನ್ನ ಪಕ್ಕ ಕೂತವನಿಗೂ ಹೇಳಿದೆ, ಮುಂದಿನ ಸೀಟಿನವರಿಗೂ ಹೇಳಿದೆ.

ಅವಳ ಕಣ್ಣು ಬರುವುದಿಲ್ಲ. ಅದು ನನಗೆ ಗೊತ್ತು. ನಾನು ಅಂದ ಮಾತೂ ವಾಪಸು ಬರುವುದಿಲ್ಲ. ಈಗಲೂ ಬೆಳಿಗ್ಗೆ ಎದ್ದ ಕೂಡಲೇ ಮೊದಲು ನೆನಪಾಗುವುದು ಅದೇ.

ಅಂದು ಸಂಜೆ ಹಸೀನಾ ನೆಲದ ಮೇಲೆ ದಸ್ತರ್ಖಾನ್, ಅಂದರೆ ಊಟದ ಹಾಸು, ಹಾಸಿದಳು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ಮಟನ್ ಸಾರು. ರೇಶ್ಮಾಳ ತಟ್ಟೆಯನ್ನು ಯಾರೂ ಬೇರೆ ಇಡಲಿಲ್ಲ. ನನ್ನ ಬಲಕ್ಕೆ ಬಂದು ಕೂತಳು. ತುತ್ತು ಎತ್ತುವಾಗ ಸಾರು ಹಾಸಿನ ಮೇಲೆ ಚೆಲ್ಲಿತು. ಸೊಸೆಯ ಕೈ ಒರೆಸುವ ಬಟ್ಟೆಗೆ ಹೋಯಿತು, ಅಲ್ಲೇ ನಿಂತಿತು.

ಆಗ ರೇಶ್ಮಾ ರೊಟ್ಟಿ ಮುರಿಯುತ್ತ, "ತಾತ, ಇನ್ನ ಮ್ಯಾಲ ಪರದಿ ನೋಡಬ್ಯಾಡ ಅಂತ ಬೈಯಾಕ ಬರಂಗಿಲ್ಲ ನೋಡು ನಿನಗ. ನಾ ಪರದಿ ಬಂದ್ ಮಾಡೇ ಆಡತೀನಿ" ಎಂದಳು.

ಎಲ್ಲರ ಕೈಗಳೂ ತಟ್ಟೆಯಲ್ಲಿ ನಿಂತವು. ಮೊದಲು ನಕ್ಕವಳು ಅವಳೇ. ನಾನು ಅವಳ ತಟ್ಟೆಗೆ ಬದನೆಕಾಯಿ ಹಾಕಿ, "ಎಡಕ್ಕ ಪಲ್ಯ ಐತವಾ" ಎಂದೆ. "ಎಷ್ಟು ಬೆರಳಿಗೆ?" ಎಂದಳು. "ಎರಡು" ಎಂದೆ. ಎಲ್ಲರೂ ಉಂಡೆವು.