ವಯರು, ವಯರ್‌ಲೆಸ್ಸು ಮತ್ತು ನನ್ನ ಚಡಪಡಿಕೆ

ನಾನು ಸುಮ್ಮನೆ ಕೂರಲಾರದ ಪೈಕಿ. ಕುಕ್ಕರು ಮೂರನೇ ಸೀಟಿ ಹೊಡೆಯುವ ಮೊದಲೇ ಒಲೆ ಆರಿಸಿ ಹೆಂಡತಿಯಿಂದ ಬೈಸಿಕೊಂಡವನು. ಮುಟ್ಟಳ್ಳಿಯಿಂದ ಹೊನ್ನಾವರಕ್ಕೆ ಕೆಲಸಕ್ಕೆ ಹೋಗುವಾಗ ಶರಾವತಿ ಸೇತುವೆ ಇನ್ನೂ ಎರಡು ಮೈಲಿ ಇರುವಾಗಲೇ ಎದ್ದು ಬಸ್ಸಿನ ಬಾಗಿಲಲ್ಲಿ ನಿಲ್ಲುವವನು. ಹಾಗೆ ನಿಂತದ್ದರಿಂದ ಬಸ್ಸು ಒಂದು ದಿನವೂ ಬೇಗ ಮುಟ್ಟಿದ್ದಿಲ್ಲ. ನಮ್ಮ ಭಾಷೆಯಲ್ಲಿ ಈ ರೋಗದ ಹೆಸರುಗಳನ್ನೇ ನೋಡಿ: ಚಡಪಡ, ತಳಮಳ, ಗಡಿಬಿಡಿ. ಒಂದಾದರೂ ನಿಂತಲ್ಲಿ ನಿಲ್ಲುತ್ತದೆಯೇ? ಈ ಕಾಲಿನಿಂದ ಆ ಕಾಲಿಗೆ ಕುಣಿಯುತ್ತಲೇ ಇರುತ್ತವೆ. ‘ಸಮಾಧಾನ’ ಮಾತ್ರ ಪಂಚೆ ಸರಿಮಾಡಿಕೊಂಡು ನಿಧಾನಕ್ಕೆ ಬರುವ ಶಬ್ದ. ನಮ್ಮ ಮನೆ ಕಡೆ ಅದು ಬಂದದ್ದು ಕಡಿಮೆ.

ಇಂಥವನಿಗೆ ಸಿಕ್ಕಿದ್ದು ಎಕ್ಸ್‌ರೇ ತೆಗೆಯುವ ಉದ್ಯೋಗ. ಬಂದವರಿಗೆಲ್ಲ ‘ಅಲ್ಲಾಡಬೇಡಿ, ಉಸಿರು ಹಿಡೀರಿ’ ಎಂದು ಉಪದೇಶ ಮಾಡುವುದು.

ಎರಡು ಸಾವಿರದ ಒಂಬತ್ತರ ಸುಮಾರಿಗೆ ನಮ್ಮ ಸಣ್ಣ ಆಸ್ಪತ್ರೆಗೆ ಫಿಲ್ಮ್ ಬೇಡದ ಹೊಸ ಮಷೀನು ಬಂತು. ಅದರ ಚಿತ್ರ ಒಂದು ನೀಲಿ ವಯರಿನಲ್ಲಿ ನನ್ನ ಲ್ಯಾಪ್‌ಟಾಪಿಗೆ ಬರುತ್ತಿತ್ತು. ಇಂಟರ್ನೆಟ್ಟು ಮಾತ್ರ ವಯರಿಲ್ಲದೆ, ಡಾಕ್ಟರಮ್ಮನ ಕೋಣೆಯಲ್ಲಿ ದೀಪ ಮಿಣುಕಿಸುತ್ತ ಕೂತ ಪೆಟ್ಟಿಗೆಯಿಂದ ಬರುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಮಾಮೂಲಿ ಸಾಫ್ಟ್‌ವೇರಿನ ಬದಲು ಲಿನಕ್ಸ್ ಹಾಕಿಕೊಟ್ಟವರು ಡಾಕ್ಟರಮ್ಮನ ಗೆಳತಿ, ಕುಮಟೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ವಿನುತಾ ಮೇಡಂ. ‘ವೈರಸ್ಸಿನ ಕಾಟ ಇರೂದಿಲ್ಲ’ ಎಂದಿದ್ದರು. ನಿಜ, ಕಾಟ ಬೇರೆಯೇ ಇತ್ತು. ವಯರು ಚುಚ್ಚಿದರೆ ಚಿತ್ರ ಬರುತ್ತದೆ, ಇಂಟರ್ನೆಟ್ಟು ಹೋಗುತ್ತದೆ. ಕಿತ್ತರೆ ಇಂಟರ್ನೆಟ್ಟು ಬರುತ್ತದೆ, ಚಿತ್ರ ಹೋಗುತ್ತದೆ. ನಾನೇ ಒಂದು ಉಪಾಯ ಮಾಡಿಕೊಂಡಿದ್ದೆ: ಚುಚ್ಚು, ಚಿತ್ರ ಇಳಿಸಿಕೋ, ಕೀಳು, ಕಳಿಸು. ದಿನಕ್ಕೆ ಹತ್ತು ಸಲ. ಮೇಡಂ ಅವರನ್ನು ಕೇಳಬಹುದಿತ್ತು. ಕೇಳುವಷ್ಟು ಪುರುಸೊತ್ತು ನನಗೆಲ್ಲಿ?

ಒಂದು ಬೆಳಿಗ್ಗೆ ಗೇರುಸೊಪ್ಪೆಯಿಂದ ದೇವಿ ಎಂಬ ಹೆಂಗಸು ಬಂದಳು. ನಲವತ್ತರ ಆಸುಪಾಸು, ಗದ್ದೆ ಕೂಲಿ. ಹಿಂದಿನ ದಿನ ಗದ್ದೆಯಂಚಿನಲ್ಲಿ ಜಾರಿ ಬಲಗೈ ಊರಿ ಬಿದ್ದಿದ್ದಳು. ಮಣಿಕಟ್ಟು ಬಾತು ಸೊಟ್ಟಗಾಗಿತ್ತು.

“ನೋವು ಇರ್ಲಿ ಸರಾ, ಬೆರಳು ಅದ್ಯೋ ಇಲ್ವೋ ಅಂತ್ಲೇ ಗೊತ್ತಾಗೂದಿಲ್ಲ” ಎಂದಳು.

ಡಾಕ್ಟರಮ್ಮನ ಮುಖ ಗಂಭೀರವಾಯಿತು. ಮೂಳೆ ನರವನ್ನು ಒತ್ತುತ್ತಿದೆ ಎಂದರು. ಮೂಳೆ ಬರೀ ಮುರಿದು ಸರಿದಿದ್ದರೆ ಇಲ್ಲೇ ಎಳೆದು ಕೂರಿಸಬಹುದು; ಚೂರಾಗಿದ್ದರೆ ಮುಟ್ಟದೆ ಮಂಗಳೂರಿಗೆ ಸಾಗಿಸಬೇಕು, ನಾಲ್ಕು ತಾಸಿನ ದಾರಿ. ಅದನ್ನು ಹೇಳಬೇಕಾದವರು ಮಂಗಳೂರಿನ ಎಲುಬಿನ ಡಾಕ್ಟರು. ಅವರು ಹನ್ನೊಂದಕ್ಕೆ ಆಪರೇಷನ್ನಿಗೆ ಒಳಗೆ ಹೋದರೆ ಮತ್ತೆ ಸಿಗುವುದು ಸಂಜೆಗೆ. ಆಗ ಹತ್ತೂಕಾಲು.

ನಾನು ಎಕ್ಸ್‌ರೇ ತೆಗೆದು, ವಯರು ಚುಚ್ಚಿ, ಚಿತ್ರ ಇಳಿಸತೊಡಗಿದೆ. ಪರದೆಯ ಮೇಲೆ ಹಸಿರು ಗೆರೆ ಆಮೆಯ ಹಾಗೆ ಸಾಗುತ್ತಿತ್ತು. ಮುಕ್ಕಾಲು ದಾಟಿದ್ದು ಕಂಡಿತು. ಆತು ಅಂದುಕೊಂಡು ಕಿತ್ತೆ, ಕಳಿಸಿದೆ.

ಹತ್ತು ನಿಮಿಷಕ್ಕೆ ಮಂಗಳೂರಿನಿಂದ ಫೋನು. “ಎಂತ ಮಾರಾಯ್ರೆ ಕಳಿಸಿದ್ದು? ಮುಂಗೈ ಉಂಟು, ಮಣಿಕಟ್ಟು ಇರಬೇಕಾದಲ್ಲಿ ಬರೀ ಬೂದಿ ಬಣ್ಣ ಉಂಟು!”

ಮತ್ತೆ ಚುಚ್ಚಿದೆ. ಈ ಸಲ ವಯರು ಕೂರಲೇ ಇಲ್ಲ. ದಿನಕ್ಕೆ ಹತ್ತು ಸಲ ಕಿತ್ತು ಕಿತ್ತು ಅದರ ತುದಿಯ ಪ್ಲಾಸ್ಟಿಕ್ ಕೊಕ್ಕೆ ಮುರಿದುಹೋಗಿತ್ತು. ಒತ್ತುತ್ತೇನೆ, ಜಾರುತ್ತದೆ. ಬೆಂಚಿನ ಮೇಲೆ ಕೂತ ದೇವಿ ಎಲ್ಲ ನೋಡುತ್ತಿದ್ದಳು.

“ಸರಾ, ಭತ್ತದ ನೆಟ್ಟಿ ಶುರು ಆಗೂ ಹೊತ್ತು. ಈ ಕೈ ಹೋದ್ರೆ ನನ್ನ ಯಾರು ಗದ್ದೆಗೆ ಕರೀತ್ರು?”

ಅವಳ ಕೈ ಮುರಿದದ್ದು ನನ್ನಿಂದಲ್ಲ. ಆದರೆ ಹಾಳಾದ ಆ ಇಪ್ಪತ್ತು ನಿಮಿಷ ಪೂರಾ ನನ್ನದು. ನಾಚಿಕೆ ಬಿಟ್ಟು ಕುಮಟೆಗೆ ಫೋನು ಹಚ್ಚಿದೆ. ವಿನುತಾ ಮೇಡಂ ಪಾಠ ನಿಲ್ಲಿಸಿ ಹೊರಗೆ ಬಂದರು.

“ಮೊದ್ಲು ಕೀಳೂದು ನಿಲ್ಸಿ. ಎರಡೂ ಇರ್ಲಿ.”

“ಎರಡೂ ಇದ್ರೆ ಇಂಟರ್ನೆಟ್ಟು ಹೋಗ್ತದೆ ಮೇಡಂ.”

“ಹೋಗೂದಿಲ್ಲ. ವಯರು ಚುಚ್ಚಿದ್ರೆ ಲ್ಯಾಪ್‌ಟಾಪು ಊರ ಹೊರಗೆ ಹೋಗೂಕೂ ವಯರಿನ ದಾರಿಯನ್ನೇ ಹಿಡೀತದೆ, ಅಷ್ಟೇ. ಆ ದಾರಿ ನಿಮ್ಮ ಎಕ್ಸ್‌ರೇ ಕೋಣೆಯಲ್ಲೇ ಮುಗೀತದೆ. ಚಿತ್ರಕ್ಕೆ ವಯರು, ಉಳಿದದ್ದಕ್ಕೆಲ್ಲ ವಯರ್‌ಲೆಸ್ಸು ಅಂತ ನಾವು ಹೇಳ್ಬೇಕು. ಬರೀರಿ.”

ಒಂದೊಂದೇ ಅಕ್ಷರ ಹೇಳಿದರು. ಗಾಯಕ್ಕೆ ಹಚ್ಚುವ ಪ್ಲಾಸ್ಟರಿನಿಂದ ವಯರನ್ನು ಲ್ಯಾಪ್‌ಟಾಪಿಗೆ ಅಂಟಿಸಿ ನಾನು ಕೀಲಿ ಒತ್ತುತ್ತ ಹೋದೆ. ನಡುವೆ ಡಿ, ಇ, ಎಲ್ ಬಂತು. ನನ್ನ ಬೆರಳು ನಿಂತಿತು.

“ಮೇಡಂ, ಡೆಲ್ ಅಂದ್ರೆ ಅಳಿಸೂದಲ್ವಾ? ಚಿತ್ರ ಹೋದ್ರೆ?”

“ಅಳಿಸೂದು ತಪ್ಪು ದಾರೀನ ಮಾತ್ರ. ಒತ್ತಿ.”

ಒತ್ತಿದೆ. ಏನೂ ಆಗಲಿಲ್ಲ, ಲಿನಕ್ಸಿನಲ್ಲಿ ಏನೂ ಆಗದಿದ್ದರೆ ಸರಿಯಾಯಿತು ಎಂದರ್ಥವಂತೆ! “ಈಗ ಚಿತ್ರ ಪೂರ್ತಿ ಇಳಿಯೂವರೆಗೆ ಕೈ ಕಟ್ಟಿ ಕೂತ್ಕಳಿ. ನಾನು ಲೈನಲ್ಲೇ ಇರ್ತೆ” ಎಂದರು. ಹಸಿರು ಗೆರೆ ಮುಕ್ಕಾಲಿಗೆ ಬಂತು. ಕಿವಿಯಲ್ಲಿ ಕುಮಟೆಯ ಕಾಲೇಜಿನ ಹುಡುಗರ ಗಲಾಟೆ. ಕಂಕುಳಲ್ಲಿ ಒತ್ತಿಹಿಡಿದ ನನ್ನ ಬಲಗೈ. ಗೆರೆ ತುಂಬಿತು. ವಯರು ಕೀಳದೆಯೇ ಕಳಿಸಿದೆ.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಮಂಗಳೂರಿನ ಫೋನು ಬಂತು. “ಚೂರಾಗಲಿಲ್ಲ, ಸರಿದದ್ದು ಮಾತ್ರ. ಅಲ್ಲೇ ಎಳೆದು ಕೂರಿಸಿ.”

ಡಾಕ್ಟರಮ್ಮ ಅರಿವಳಿಕೆ ಕೊಡಿಸಿ ಎಳೆದು ಕೂರಿಸಿದರು. ಮಧ್ಯಾಹ್ನ ದೇವಿ ಕಟ್ಟಿದ ಕೈಯನ್ನೇ ದಿಟ್ಟಿಸಿ, “ಹೆಬ್ಬೆರಳಲ್ಲಿ ಇರುವೆ ಹರದಂಗೆ ಆಗ್ತದೆ” ಎಂದಳು. ಡಾಕ್ಟರಮ್ಮ ಅವತ್ತು ಮೊದಲ ಸಲ ನಕ್ಕರು. ನಾನು ಹೊರಗೆ ಹೋಗಿ ಯಾರಿಗೂ ಕಾಣದ ಹಾಗೆ ಕಣ್ಣು ಒರೆಸಿಕೊಂಡೆ.

ಸಂಜೆ ಉಪಕಾರ ಹೇಳಲು ವಿನುತಾ ಮೇಡಂಗೆ ಫೋನು ಮಾಡಿದರೆ ಅವರು ಹೊಸ ಬಾಂಬು ಹಾಕಿದರು. “ನಾಳೆ ಬಂದ್ ಮಾಡಿ ಹಚ್ಚಿದ್ರೆ ಲ್ಯಾಪ್‌ಟಾಪು ಎಲ್ಲ ಮರೆತು ಮತ್ತೆ ಹಳೇ ದಾರಿಯನ್ನೇ ಹಿಡೀತದೆ. ಭಾನುವಾರ ಬಂದು ಕಾಯಂ ಮಾಡಿಕೊಡ್ತೆ. ಅಲ್ಲೀವರೆಗೆ ದಿನಾ ಬೆಳಿಗ್ಗೆ ಆ ಸಾಲು ಬರೀರಿ.”

ಭಾನುವಾರ ಅವರು ಬಂದರು. ಕಾಯಂ ಮಾಡುವುದು ನಾನೇ ಬೇಡವೆಂದೆ. ಇವತ್ತಿಗೂ ಬೆಳಿಗ್ಗೆ ಆ ಸಾಲನ್ನು ಕೈಯಾರೆ ಬರೆಯುತ್ತೇನೆ. ಒಂದು ಸಲ ಹೇಳಿದರೆ ನೆನಪಿಟ್ಟುಕೊಳ್ಳದವರು ಆ ಕೋಣೆಯಲ್ಲಿ ಇಬ್ಬರಿದ್ದೇವೆ, ಲ್ಯಾಪ್‌ಟಾಪು ಮತ್ತು ನಾನು. ದಿನಾ ಹೇಳಿಸಿಕೊಳ್ಳುವುದೇ ಇಬ್ಬರಿಗೂ ಒಳ್ಳೆಯದು.